ಸರಾಸೆನರ ಓಣಿಯ ಕಾರ್ಡು

ಹನ್ನೆರಡು ಗಂಟೆಗೆ ವಿಚಾರಣೆ. ಹತ್ತೂವರೆಗೆ ಕಾರ್ಡಕ್ಕ ಡ್ರಾಯರ್ ಎಳೆದಳು. ಬೇಕಾಗಿದ್ದ ಕಾರ್ಡು ಕೈಗೆ ಸಿಕ್ಕಿತು. ಸದ್ಯ ಸಿಕ್ಕಿತಲ್ಲ ಎಂದು ಬಿಡಲು ಹೊರಟ ಉಸಿರು ಅರ್ಧ ದಾರಿಯಲ್ಲೇ ನಿಂತಿತು. ಕಾರ್ಡು ಬೆಳ್ಳಗಿತ್ತು. ಟೈಪು ಮಾಡಿದ ಅಕ್ಷರಗಳು ಅವಳ ಮೇಜಿನ ಯಂತ್ರದವೇ. ಕೆಳಗೆ ಎರಡು ತಿಂಗಳ ಹಿಂದಿನ ತಾರೀಕು, ಪಕ್ಕದಲ್ಲಿ ಅವಳದೇ ಕಿರುಸಹಿ.

ಎಡಗೈಯಲ್ಲಿ ನಗರಸಭೆಯ ಪತ್ರವಿತ್ತು, ಬೆಳಗ್ಗೆಯಷ್ಟೇ ಬಂದದ್ದು. "ನಕಲು ಸಾಲದು, ಮೂಲ ಕಾರ್ಡನ್ನೇ ಹಾಜರುಪಡಿಸತಕ್ಕದ್ದು." ಮೂಲ ಕಾರ್ಡು ಹಳದಿಗಟ್ಟಿದ್ದು, ಕೈಬರಹದ್ದು, ಗ್ರಂಥಾಲಯದ ಮೊಹರಿದ್ದದ್ದು. ಅದು ಈ ಡ್ರಾಯರಿನಲ್ಲಿ ಇರಲಿಲ್ಲ. ಯಾಕಿಲ್ಲ ಎಂದು ಅವಳನ್ನು ಯಾರೂ ಕೇಳಬೇಕಾಗಿರಲಿಲ್ಲ. ತೆಗೆದವಳು ಅವಳೇ.

ಇಪ್ಪತ್ತೊಂಬತ್ತು ವರ್ಷದಿಂದ ಆ ಹಳೆಯ ಗ್ರಂಥಾಲಯದ ಕೆಳಮಹಡಿಯಲ್ಲಿ ನಾನೂರ ಎಂಬತ್ತು ಡ್ರಾಯರುಗಳನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದವಳು ಅವಳು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ನಿರ್ದೇಶಕರಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರಿಗೂ ಅವಳು ಕಾರ್ಡಕ್ಕ. ನಿವೃತ್ತಿಗೆ ಹದಿನಾಲ್ಕು ತಿಂಗಳು ಬಾಕಿ. ಹೊಸದಾಗಿ ಸೇರಿದವರಿಗೆ ಅವಳು ಮೊದಲ ದಿನ ಕಲಿಸುತ್ತಿದ್ದದ್ದು ಎರಡೇ ಪಾಠ. ಒಂದು: ತಲೆಬರಹ ನಮ್ಮದು, ಒಳಬರಹ ಅವರದ್ದು. ಅಂದರೆ, ಕಾರ್ಡಿನ ಮೇಲ್ತುದಿಯಲ್ಲಿ ವಿಷಯದ ಹೆಸರನ್ನು ನಾವು ಬೇಕಾದಂತೆ ಬದಲಿಸಬಹುದು, ಆದರೆ ಮೂಲ ಕಾಗದದಿಂದ ಇಳಿಸಿಕೊಂಡ ಸಾಲುಗಳಲ್ಲಿ ಒಂದು ಚುಕ್ಕೆಯನ್ನೂ ಮುಟ್ಟುವಂತಿಲ್ಲ. ಎರಡು: ತೆಗೆದ ಕಾರ್ಡನ್ನು ಎಸೆಯುವಂತಿಲ್ಲ, ಹಳೆ ಕಾರ್ಡಿನ ಪೆಟ್ಟಿಗೆಗೆ ಹಾಕಿ ತಾರೀಕು ಬರೆಯಬೇಕು. ಊರಿಗೆಲ್ಲ ಈ ಎರಡು ಪಾಠ ಹೇಳಿದವಳು ಎರಡನ್ನೂ ಒಂದೇ ಮಧ್ಯಾಹ್ನ ಮುರಿದಿದ್ದಳು. ಅದೂ ಪ್ರೀತಿಯಿಂದ. ಪ್ರೀತಿಯಿಂದ ಮಾಡಿದ ತಪ್ಪಿಗೆ ಕಣ್ಣು ಕಾಣಿಸುವುದಿಲ್ಲ ನೋಡಿ.

ಆದದ್ದು ಹೀಗೆ. ಎರಡು ತಿಂಗಳ ಹಿಂದೆ ನಿರ್ದೇಶಕರ ಆದೇಶ ಬಂತು: ಕಾರ್ಡುಗಳ ತಲೆಬರಹದಲ್ಲಿ 'ಸರಾಸೆನರು' ಎಂದಿರುವ ಕಡೆಯಲ್ಲೆಲ್ಲ 'ಅರಬ್ಬರು' ಎಂದು ಬದಲಿಸುವುದು. ಒಳ್ಳೆಯ ಆದೇಶವೇ. ಆ ಪದ ಲ್ಯಾಟಿನ್ನಿನ ಹಳೆಯ ಬರಹಗಳಿಂದ ಇಂಗ್ಲಿಷಿಗೆ ಬಂದದ್ದು. ಮೊದಮೊದಲು ಮರುಭೂಮಿಯ ಅಂಚಿನ ಯಾವುದೋ ಒಂದು ಕುಲದವರಿಗೆ ಅಂದದ್ದು, ಆಮೇಲೆ ಅರಬ್ಬರಿಗೆಲ್ಲ ಅಂದದ್ದು, ಕೊನೆಕೊನೆಗೆ ಯುದ್ಧದಲ್ಲಿ ಎದುರು ನಿಂತವರಿಗೆಲ್ಲ ಅಂಟಿಸಿದ್ದು. ಅಂದವರೆಲ್ಲ ಹೊರಗಿನವರು. ತನ್ನನ್ನು ತಾನು ಹಾಗೆ ಕರೆದುಕೊಂಡ ಒಬ್ಬ ಅರಬ್ಬನನ್ನೂ ಕಾರ್ಡಕ್ಕ ತನ್ನ ನಾನೂರ ಎಂಬತ್ತು ಡ್ರಾಯರುಗಳಲ್ಲಿ ಕಂಡಿರಲಿಲ್ಲ.

ಇನ್ನೂರ ಹನ್ನೆರಡು ಕಾರ್ಡುಗಳಿದ್ದವು. ಇನ್ನೂರ ಹನ್ನೊಂದರಲ್ಲಿ ಅವಳು ತಲೆಬರಹ ಮಾತ್ರ ಬದಲಿಸಿ ಹೊಸದಾಗಿ ಟೈಪು ಮಾಡಿದಳು. ಕೊನೆಯದು ಬಂದಾಗ ಕೈ ತಡೆಯಿತು. ಅದು ಬಾವಿ ಓಣಿಯ ಕಾರ್ಡು. ನಗರಸಭೆ ಹುಟ್ಟುವುದಕ್ಕೆ ಎಷ್ಟೋ ಕಾಲ ಮುಂಚೆ ಲ್ಯಾಟಿನ್ನಿನಲ್ಲಿ ಬರೆದಿಟ್ಟ ಮನೆಪಟ್ಟಿಯ ಒಂದು ಹಾಳೆಯನ್ನು ಅರವತ್ತು ವರ್ಷದ ಹಿಂದೆ ಆಗಿನ ಗ್ರಂಥಪಾಲಕರು ಕಣ್ಣಾರೆ ನೋಡಿ, ಕೈಯಾರೆ ಕಾರ್ಡಿಗೆ ಇಳಿಸಿದ್ದರು. ಆ ಹಾಳೆ ಮೂವತ್ತು ವರ್ಷದ ಹಿಂದೆ ನೆಲಮಾಳಿಗೆಯ ಕೊಳವೆ ಒಡೆದಾಗ ನೀರಿನಲ್ಲಿ ಕರಗಿಹೋಯಿತು. ಉಳಿದದ್ದು ಕಾರ್ಡೊಂದೇ. "ಬಾವಿಯ ಪಕ್ಕದ ಓಣಿ. ಸರಾಸೆನರು. ಹತ್ತೊಂಬತ್ತು ಮನೆ." ಆ ಹತ್ತೊಂಬತ್ತರಲ್ಲಿ ಏಳನೆಯದು ಗ್ರಂಥಾಲಯದ ಬೈಂಡರ್ ಅಣ್ಣನ ಮನೆ. ಅವನೂ ಅರಬ್ಬನೇ.

ಬೈಂಡರ್ ಅಣ್ಣ ಹಿತ್ತಿಲ ಕಡೆಯ ಕೋಣೆಯಲ್ಲಿ ಮೂವತ್ತು ವರ್ಷದಿಂದ ಹರಿದ ಪುಸ್ತಕಗಳನ್ನು ಹೊಲಿಯುವವನು. ಅವಳ ಜೊತೆ ದಿನಾ ಚಹಾ ಕುಡಿಯುವವನು. ಚಿಕ್ಕಂದಿನಲ್ಲಿ ಶಾಲೆಯ ದಾರಿಯಲ್ಲಿ ಮಕ್ಕಳು ಆ ಪದ ಕೂಗಿ ತನ್ನ ಮೇಲೆ ಕಲ್ಲೆಸೆಯುತ್ತಿದ್ದದ್ದನ್ನು ಒಮ್ಮೆ ಹೇಳಿದ್ದ. "ಅಪ್ಪ ಒಂದೇ ಮಾತು ಹೇಳ್ಕೊಟ್ಟಿದ್ರು ಅಕ್ಕ. ಆ ಹೆಸರು ಹಿಡಿದು ಯಾರೇ ಕರೀಲಿ, ತಿರುಗಿ ನೋಡ್ಬೇಡ. ತಿರುಗಿದ್ರೆ ಅದು ನಿನ್ನ ಹೆಸರಾಗುತ್ತೆ ಅಂತ. ಐವತ್ತು ವರ್ಷ ಆಯ್ತು, ಇನ್ನೂ ತಿರುಗಿಲ್ಲ." ಅಂಥವನ ಸ್ವಂತ ಓಣಿಯ ಮೇಲೆ ಆ ಪದವನ್ನು ಮತ್ತೆ ತನ್ನ ಕೈಯಾರೆ ಟೈಪು ಮಾಡಲು ಕಾರ್ಡಕ್ಕನಿಗೆ ಮನಸ್ಸು ಬರಲಿಲ್ಲ. ಒಳಬರಹದಲ್ಲೂ 'ಅರಬ್ಬರು' ಎಂದೇ ಒತ್ತಿದಳು. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ತೆಗೆದ ಹಳೆಯ ಕಾರ್ಡುಗಳನ್ನೆಲ್ಲ ಒಂದು ಬಟ್ಟೆಚೀಲಕ್ಕೆ ತುಂಬಿ ಅವನ ಮೇಜಿನ ಮೇಲಿಟ್ಟು, "ತಗೊಳ್ಳಿ ಅಣ್ಣ, ನಿಮ್ಮ ಕೈಯಾರೆ ಹರಿದು ಹಾಕಿ" ಎಂದಿದ್ದಳು. ಉಡುಗೊರೆ ಕೊಟ್ಟವಳಂತೆ ಬೀಗಿಕೊಂಡು ಬಂದಿದ್ದಳು ಬೇರೆ.

ಮೂರು ವಾರದ ಹಿಂದೆ ಓಣಿಗೆ ನೋಟಿಸು ಬಂತು. ರಸ್ತೆ ಅಗಲ ಮಾಡಬೇಕು, ಹತ್ತೊಂಬತ್ತು ಮನೆ ಕೆಡವಬೇಕು, ಅಲ್ಲಿಯವರಿಗೆ ಊರಾಚೆ ಆರನೇ ಮಹಡಿಯಲ್ಲಿ ಕೋಣೆಗಳು. ತಪ್ಪಿಸಿಕೊಳ್ಳಲು ಒಂದೇ ದಾರಿ: ನಗರಸಭೆಗಿಂತ ಹಳೆಯ ಓಣಿಯನ್ನು ಕೆಡವುವಂತಿಲ್ಲ ಎಂಬ ನಿಯಮ. ಅದನ್ನು ಸಾಬೀತು ಮಾಡಲು ಲೋಕದಲ್ಲಿದ್ದದ್ದು ಆ ಒಂದು ಕಾರ್ಡು. ಅರ್ಜಿಯ ಜೊತೆ ಅದರ ನಕಲನ್ನಷ್ಟೇ ಕೊಟ್ಟಿದ್ದರು. ಬೈಂಡರ್ ಅಣ್ಣನ ತಾಯಿಗೆ ಎಂಬತ್ತೆರಡು. ಕಣ್ಣು ಹೋಗಿ ಹನ್ನೊಂದು ವರ್ಷ. ಆದರೆ ಆ ಮನೆಯೊಳಗೆ ಕಣ್ಣಿದ್ದವರಿಗಿಂತ ಚುರುಕಾಗಿ ಓಡಾಡುತ್ತಾಳೆ. ಬಾಗಿಲಿನಿಂದ ಒಲೆಗೆ ಹದಿನಾಲ್ಕು ಹೆಜ್ಜೆ, ಒಲೆಯಿಂದ ಕಿಟಕಿಗೆ ಐದು. ಗೋಡೆಯ ಪ್ರತಿ ಉಬ್ಬೂ ಅವಳ ಅಂಗೈಗೆ ಗೊತ್ತು. ಹೊಸ ಜಾಗಕ್ಕೆ ಹಾಕಿದರೆ ಅವಳು ಕುರ್ಚಿಯಲ್ಲಿ ಕೂತವಳು ಅಲ್ಲೇ ಕೂತುಬಿಡುತ್ತಾಳೆ ಎಂಬುದು ಮಗನಿಗೂ ಗೊತ್ತಿತ್ತು, ಕಾರ್ಡಕ್ಕನಿಗೂ ಗೊತ್ತಿತ್ತು.

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಪತ್ರ ಕೈಯಲ್ಲಿ ಹಿಡಿದೇ ಕಾರ್ಡಕ್ಕ ಹಿತ್ತಿಲ ಕೋಣೆಗೆ ಓಡಿದಳು. ಅಂಟಿನ ವಾಸನೆ, ರಟ್ಟಿನ ಚೂರು, ದಾರದ ಉಂಡೆ. ಬೈಂಡರ್ ಅಣ್ಣ ವಿಚಾರಣೆಗೆಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಬೆರಳಿನ ಅಂಟು ಕೆರೆದು ತೆಗೆಯುತ್ತಿದ್ದ.

"ಅಣ್ಣ, ಆ ಚೀಲದ ಕಾರ್ಡುಗಳು ಎಲ್ಲಿ?"

ಅವನ ಕೈ ನಿಂತಿತು. "ಯಾಕಕ್ಕ?"

"ಯಾಕೆ ಅಂತ ಆಮೇಲೆ. ಎಲ್ಲಿವೆ ಹೇಳಿ."

"ಹರಿದು ಹಾಕಿ ಅಂದ್ರಿ," ಎಂದ ಅವನು, ಬೆರಳನ್ನೇ ನೋಡುತ್ತ. "ಹಾಕಿದೆ."

ಕಾರ್ಡಕ್ಕ ರಟ್ಟಿನ ಗಂಟಿನ ಮೇಲೆ ಕುಸಿದು ಕೂತಳು. ನಡೆದದ್ದನ್ನು ಹೇಳಿದಳು. ಹೇಳುತ್ತ ಹೋದಂತೆ ಅವನ ಮುಖ ಸುಣ್ಣವಾಯಿತು. ಬೈಯುತ್ತಾನೆ ಎಂದು ಕಾದಳು. ಬೈದಿದ್ದರೆ ಅವಳಿಗೂ ಹಗುರಾಗುತ್ತಿತ್ತು. ಅವನು ಗಡಿಯಾರ ನೋಡಿ, "ಅಮ್ಮ ಹೊರಗೆ ಕಾಯ್ತಿದ್ದಾಳೆ. ನಡೀರಿ, ಬಿಳೀ ಕಾರ್ಡನ್ನೇ ತನ್ನಿ" ಎಂದಷ್ಟೇ ಅಂದ. ಹೊರಡುವಾಗ ಮೇಜಿನ ಮೇಲಿದ್ದ ರಟ್ಟು ಕುಯ್ಯುವ ಸಣ್ಣ ಬಾಕನ್ನು ಒಮ್ಮೆ ಕೈಗೆತ್ತಿಕೊಂಡು, ವಾಪಸು ಇಟ್ಟು, ಮತ್ತೆ ಎತ್ತಿ ಜೇಬಿಗೆ ಹಾಕಿಕೊಂಡ. ಅಭ್ಯಾಸಬಲ ಎಂದುಕೊಂಡಳು ಅವಳು.

ನಗರಸಭೆಯ ಎರಡನೇ ಮಹಡಿಯ ಪಡಸಾಲೆಯಲ್ಲಿ ಬೆಂಚುಗಳು ತುಂಬಿದ್ದವು. ಅಲ್ಲಿಯ ಪದ್ಧತಿ ಕಟ್ಟುನಿಟ್ಟು. ಗುಮಾಸ್ತ ಬಾಗಿಲಿಗೆ ಬಂದು ಅರ್ಜಿದಾರರ ಹೆಸರನ್ನು ಮೂರು ಸಲ ಕೂಗುತ್ತಾನೆ. ಮೂರನೆಯದಕ್ಕೂ ಓಗೊಡದಿದ್ದರೆ ಅರ್ಜಿ ವಜಾ. ಇವರ ಕಣ್ಣೆದುರೇ ಅಂಗಡಿಯವನೊಬ್ಬ ಕೆಳಗೆ ನೀರು ಕುಡಿಯಲು ಹೋಗಿದ್ದವನು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಅವನ ಅರ್ಜಿ ಮುಗಿದುಹೋಗಿತ್ತು. ಅವನು ಬಾಗಿಲ ಬಳಿ ಬೇಡಿಕೊಂಡ. ಗುಮಾಸ್ತ, "ಕಿವಿ ಮನೇಲಿಟ್ಟು ಬಂದ್ರೆ ನಾನೇನ್ ಮಾಡ್ಲಿ?" ಎಂದು ಬಾಗಿಲು ಹಾಕಿಕೊಂಡ.

"ಬಾವಿ ಓಣಿಯ ಅರಬ್ಬರು," ಎಂದು ಕೂಗಿದಾಗ ಬೈಂಡರ್ ಅಣ್ಣ ಮೊದಲ ಕೂಗಿಗೇ ಎದ್ದುನಿಂತ. "ಹಾಜರಿದ್ದೀವಿ."

ಒಳಗೆ ಉದ್ದನೆಯ ಮೇಜು. ನಡುವೆ ಅಧ್ಯಕ್ಷೆ, ಬಿಳಿಗೂದಲಿನ, ಮಾತು ಕಡಿಮೆಯ ಹೆಂಗಸು. ಬಲಕ್ಕೆ ನಗರಸಭೆಯ ವಕೀಲ. ಎಡಕ್ಕೆ ಗುಮಾಸ್ತ, ಎದುರಿಗೆ ದಪ್ಪನೆಯ ನಡಾವಳಿ ಪುಸ್ತಕ, ನಾಲ್ಕು ಬೆರಳು ಅಗಲದ ಕೆಂಪು ಬಟ್ಟೆಯ ಬೆನ್ನಿನದ್ದು. ಬೈಂಡರ್ ಅಣ್ಣ ಬೆಂಚಿನ ತುದಿಯಲ್ಲಿ ತಾಯಿಯನ್ನು ಕೂರಿಸಿ, ಪುಸ್ತಕದ ಕಡೆ ಒಮ್ಮೆ ನೋಡಿ, ಸರ್ರನೆ ಮುಖ ತಿರುಗಿಸಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗಿತ್ತು. ಕಾರ್ಡಕ್ಕ ಅದನ್ನು ಕಂಡಳು. ಕಂಡದ್ದರ ಅರ್ಥ ಹೊಳೆಯಲಿಲ್ಲ.

ವಕೀಲ ಬಿಳಿ ಕಾರ್ಡನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ಎತ್ತಿದ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವವನು.

"ಇದು ಅರವತ್ತು ವರ್ಷದ ಹಿಂದಿನ ಕಾರ್ಡಾ ಅಮ್ಮಾ?"

"ಅಲ್ಲ."

"ಎರಡು ತಿಂಗಳ ಹಿಂದಿನದು ಅಂತ ಬರೆದಿದೆ. ಅದೂ ನೀವೇ ಬರೆದದ್ದು. ಯಾವಾಗ ಬೇಕಾದ್ರೂ ಟೈಪು ಮಾಡಿ ಯಾವ ತಾರೀಕು ಬೇಕಾದ್ರೂ ಹಾಕ್ಬಹುದಲ್ವಾ?"

"ಹಾಕ್ಬಹುದು."

"ಈ ಅರ್ಜಿದಾರರು ನಿಮಗೆ ಏನಾಗ್ಬೇಕು?"

"ಇಪ್ಪತ್ತೊಂಬತ್ತು ವರ್ಷದ ಜೊತೆಗಾರರು. ಅಣ್ಣ ಇದ್ದ ಹಾಗೆ."

"ಅಣ್ಣ," ಎಂದ ವಕೀಲ, ಅಧ್ಯಕ್ಷೆಯ ಕಡೆ ತಿರುಗಿ. ಮತ್ತೇನೂ ಹೇಳಬೇಕಾಗಿರಲಿಲ್ಲ.

ಕಾರ್ಡಕ್ಕನಿಗೆ ಎರಡು ದಾರಿ ಕಾಣುತ್ತಿದ್ದವು. ಹಳೆಯದು ಹಾಳಾಗಿತ್ತು, ಅದಕ್ಕೇ ಹೊಸದು ಮಾಡಿದೆ ಎಂದುಬಿಟ್ಟರೆ ಅವಳ ಕೆಲಸ ಉಳಿಯುತ್ತದೆ, ಮನೆ ಹೋಗುತ್ತದೆ. ನಿಜ ಹೇಳಿದರೆ ಕೆಲಸವೂ ಹೋಗುತ್ತದೆ, ಮನೆಯೂ ಬಹುಶಃ ಹೋಗುತ್ತದೆ. ಲೆಕ್ಕ ಬಲ್ಲವರು ಮೊದಲನೆಯದನ್ನೇ ಆರಿಸಿಕೊಳ್ಳುತ್ತಾರೆ. ಅವಳು ತಾಯಿಯ ಕಡೆ ನೋಡಿದಳು. ಆ ಮುದುಕಿ ಬೆಂಚಿನ ಅಂಚನ್ನು ಅಂಗೈಯಿಂದ ಸವರಿ ಸವರಿ, ಅದರ ಉದ್ದ ಎಷ್ಟೆಂದು ಅಳೆಯುತ್ತಿದ್ದಳು.

"ಹಳೇ ಕಾರ್ಡಿನಲ್ಲಿ ಅರಬ್ಬರು ಅಂತ ಇರ್ಲಿಲ್ಲ," ಎಂದಳು ಕಾರ್ಡಕ್ಕ. "ಸರಾಸೆನರು ಅಂತಿತ್ತು. ಒಳಬರಹ ಮುಟ್ಟಬಾರದು ಅನ್ನೋದು ನಮ್ಮ ಕೆಲಸದ ಮೊದಲನೇ ನಿಯಮ. ನಾನು ಮುಟ್ಟಿದೆ. ಇವರಿಗೆ ಆ ಪದದಿಂದ ನೋವಾಗುತ್ತೆ ಅಂತ ಮುಟ್ಟಿದೆ. ಹಳೇದನ್ನ ಪೆಟ್ಟಿಗೆಗೆ ಹಾಕ್ಬೇಕಿತ್ತು, ಹಾಕಲಿಲ್ಲ. ಹರಿದುಹಾಕಿ ಅಂತ ಇವರ ಕೈಗೆ ಕೊಟ್ಟೆ. ಇವರದ್ದೇನೂ ತಪ್ಪಿಲ್ಲ. ಕಾರ್ಡು ಇತ್ತು. ನಾನು ಇಪ್ಪತ್ತೊಂಬತ್ತು ವರ್ಷ ಅದನ್ನ ನೋಡಿದ್ದೀನಿ."

ಅಧ್ಯಕ್ಷೆ ಪೆನ್ನು ಕೆಳಗಿಟ್ಟಳು. "ಇದನ್ನ ನಿಮ್ಮ ಗ್ರಂಥಾಲಯಕ್ಕೆ ಬರೀಬೇಕಾಗುತ್ತೆ. ಗೊತ್ತಿದೆಯಾ?"

"ಬರೀರಿ."

"ಅಷ್ಟಾದ್ರೂ, ಇಲ್ಲದ ಕಾರ್ಡನ್ನ ಇದೆ ಅಂತ ನಾನು ಬರ್ಕೊಳ್ಳೋಕಾಗಲ್ಲ."

"ಇದೆ," ಎಂದ ಬೈಂಡರ್ ಅಣ್ಣ.

ಎಲ್ಲರೂ ಅವನ ಕಡೆ ತಿರುಗಿದರು. ಅವನು ಎದ್ದು ನಿಂತಿದ್ದ. ಕಿವಿಯ ತುದಿ ಕೆಂಪಾಗಿತ್ತು.

"ಹರಿದಿಲ್ಲ. ಹೆದರಿ ಅಕ್ಕನಿಗೆ ಸುಳ್ಳು ಹೇಳಿದೆ. ಗಟ್ಟಿ ಕಾರ್ಡು ಹರಿಯೋದು ನಮ್ಮ ಕಸುಬಿನವರ ಕೈಗೆ ಬರೋದಿಲ್ಲಮ್ಮ. ದಪ್ಪ ಪುಸ್ತಕದ ಬೆನ್ನು ಬಾಗಬಾರದು ಅಂತ ಒಳಗೆ ಕಾರ್ಡು ಕೊಡ್ತೀವಿ. ಆಗ ನಿಮ್ಮ ಆಫೀಸಿನ ಪುಸ್ತಕ ಬೆನ್ನು ಕಟ್ಟೋಕೆ ಬಂದಿತ್ತು. ಆ ಚೀಲದಲ್ಲಿ ನಮ್ಮ ಓಣಿಯ ಕಾರ್ಡು ಸಿಕ್ತು. ಜೀವಮಾನ ಪೂರ್ತಿ ಆ ಹೆಸರು ನನ್ನ ಬೆನ್ನ ಮೇಲಿತ್ತು. ಇನ್ಮೇಲೆ ನಗರಸಭೆ ಬೆನ್ನ ಮೇಲಿರ್ಲಿ ಅಂತ..." ಅವನು ಗುಮಾಸ್ತನ ಮುಂದಕ್ಕೆ ಬೆರಳು ಮಾಡಿದ. "ಆ ಕೆಂಪು ಪುಸ್ತಕದಲ್ಲಿದೆ."

ಗುಮಾಸ್ತ ತನ್ನ ಮುಂದಿದ್ದ ಪುಸ್ತಕದಿಂದ ಕೈ ಎತ್ತಿಕೊಂಡ, ಬಿಸಿ ತಾಗಿದವನಂತೆ. ವಕೀಲ ನಗರಸಭೆಯ ಆಸ್ತಿ, ದಾಖಲೆ ವಿರೂಪ ಎಂದು ಏನೋ ಶುರು ಮಾಡಿದ. ಅಧ್ಯಕ್ಷೆ ಕೈ ಎತ್ತಿ ಅವನನ್ನು ತಡೆದಳು.

"ಈ ಪುಸ್ತಕ ಬೆನ್ನು ಕಟ್ಟಿ ವಾಪಸು ಬಂದಿದ್ದು ಯಾವಾಗ?"

ಗುಮಾಸ್ತ ಪುಟ ತಿರುವಿದ. "ನೋಟಿಸು ಹೊರಡೋಕೆ ಹದಿನೆಂಟು ದಿನ ಮುಂಚೆ. ಅವತ್ತಿಂದ ನನ್ನ ಬೀರುವಿನಲ್ಲೇ ಇದೆ ಮೇಡಂ. ಬೀಗದ ಕೈ ನನ್ನ ಸೊಂಟದಲ್ಲಿದೆ."

"ಕುಯ್ಯಿರಿ," ಎಂದಳು ಅಧ್ಯಕ್ಷೆ.

ಬಾಕು ಜೇಬಿನಲ್ಲೇ ಇತ್ತು. ಬೈಂಡರ್ ಅಣ್ಣ ಪುಸ್ತಕವನ್ನು ಮಗುಚಿ, ಬೆನ್ನಿನ ಅಂಚಿಗೆ ಹೆಬ್ಬೆರಳಿಟ್ಟು, ಮೇಲಿನಿಂದ ಕೆಳಕ್ಕೆ ಒಂದೇ ಗೆರೆ ಎಳೆದ. ತನ್ನ ಕೈಯ ಅಚ್ಚುಕಟ್ಟಾದ ಕೆಲಸವನ್ನು ತಾನೇ ಸೀಳುವುದು ಅವನಿಗೆ ಹಿಂಸೆಯಾಯಿತೆಂದು ಕಾರ್ಡಕ್ಕನಿಗೆ ಕಾಣುತ್ತಿತ್ತು. ಕೆಂಪು ಬಟ್ಟೆ ಮಡಚಿಕೊಂಡಿತು. ಒಳಗೆ ಒಂದರ ಕೆಳಗೊಂದು ಮೂರು ಹಳದಿ ಕಾರ್ಡುಗಳು. ನಡುವಿನದರ ಕೆಳಗೆ ಬಾಕಿನ ತುದಿ ತೂರಿಸಿ, ಉಸಿರು ಹಿಡಿದು, ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಎಬ್ಬಿಸಿದ. ಕಾರ್ಡಕ್ಕ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದಳು. ಹರಿದರೆ ಎಲ್ಲ ಮುಗಿಯಿತು.

"ಬರಹದ ಕಡೆ ಅಂಟು ಹಾಕಿಲ್ಲ ಅಕ್ಕ, ಹಿಂದುಗಡೆ ಮಾತ್ರ," ಎಂದು ಅವನು ತಲೆ ಎತ್ತದೆ ಮೆಲ್ಲಗೆ ಹೇಳಿದ.

ಕಾರ್ಡು ಇಡಿಯಾಗಿ ಬಂತು. ಮೊಹರು, ತಾರೀಕು, ಅರವತ್ತು ವರ್ಷದ ಹಿಂದಿನ ನೀಲಿ ಮಸಿಯ ಓರೆ ಅಕ್ಷರ. ಅಧ್ಯಕ್ಷೆ ಕನ್ನಡಕ ಮೂಗಿನ ತುದಿಗೆ ಜಾರಿಸಿ ಓದಿದಳು. ಎರಡು ಸಲ ಓದಿ ವಕೀಲನಿಗೆ ಕೊಟ್ಟಳು.

ವಕೀಲ ಸುಲಭಕ್ಕೆ ಬಿಡುವ ಆಸಾಮಿಯಲ್ಲ. "ಕಾರ್ಡು ಹಳೇದು, ಒಪ್ಪಿದೆ. ಆದ್ರೆ ಇದರಲ್ಲಿರೋದು ಸರಾಸೆನರು. ಅರ್ಜಿ ಹಾಕಿರೋದು ಅರಬ್ಬರು. ಆ ಸರಾಸೆನರು ಯಾರೋ, ಇವರು ಯಾರೋ. ಇವರೇ ಹೇಳ್ತಿದ್ದಾರೆ, ಅದು ತಮ್ಮ ಹೆಸರಲ್ಲ ಅಂತ."

ಬೈಂಡರ್ ಅಣ್ಣ ಅವನನ್ನೇ ನೋಡಿದ. "ಕಲ್ಲು ಹೊಡೆಯೋವಾಗ ಅದು ನಾವು. ಮನೆ ಕೊಡೋವಾಗ ಮಾತ್ರ ಬೇರೆ ಯಾರೋನಾ ಸರ್?"

ವಕೀಲ ಕಾಗದ ಜೋಡಿಸಿಕೊಳ್ಳತೊಡಗಿದ. ಅಧ್ಯಕ್ಷೆ ಕಾರ್ಡನ್ನು ವಾಪಸು ತೆಗೆದುಕೊಂಡಳು. ಆಮೇಲೆ ಹೇಳಿದಳು: "ದಾಖಲೆಯಲ್ಲಿರೋ ಹೆಸರನ್ನ ಅರ್ಜಿದಾರರು ಒಪ್ಕೊಂಡ್ರೆ ಸಾಕು. ಅದಕ್ಕೆ ನಮ್ಮಲ್ಲಿ ಇರೋದು ಒಂದೇ ಪದ್ಧತಿ. ಗುಮಾಸ್ತರೇ, ಕಾರ್ಡಿನಲ್ಲಿ ಹೇಗಿದೆಯೋ ಹಾಗೇ ಕರೀರಿ."

ಗುಮಾಸ್ತ ಎದ್ದು ಬಾಗಿಲಿಗೆ ಹೋದ. ಪಡಸಾಲೆಯಲ್ಲಿ ಊರಿನ ಅರ್ಧ ಜನ ಕೂತಿದ್ದರು. ಅವನ ಕಂಠವೋ ಮೂರು ಮಹಡಿಗೆ ಕೇಳುವಂಥದ್ದು.

"ಬಾವಿ ಓಣಿಯ ಸರಾಸೆನರು."

ಬೈಂಡರ್ ಅಣ್ಣ ಅಲುಗಲಿಲ್ಲ. ಪಡಸಾಲೆಯಲ್ಲಿ ಯಾರೋ ಕಿಸಕ್ಕೆಂದದ್ದು ಕೇಳಿಸಿತು. ಅವನ ಕತ್ತಿನ ನರ ಉಬ್ಬಿತ್ತು. ಐವತ್ತು ವರ್ಷ ತಿರುಗದ ಕತ್ತು ಅದು. ತಿರುಗಬೇಡ ಎಂದು ಕಲಿಸಿದ ಅಪ್ಪ ಮಣ್ಣಾಗಿ ಎಷ್ಟೋ ವರ್ಷವಾಗಿತ್ತು. ಆದರೆ ಆ ಮಾತಿಗೆ ಸಾವಿರಲಿಲ್ಲ.

"ಬಾವಿ ಓಣಿಯ ಸರಾಸೆನರು."

ಅಣ್ಣ, ಬಾಯಿ ಬಿಡು, ನಿನ್ನ ದಮ್ಮಯ್ಯ, ಎಂದು ಕಾರ್ಡಕ್ಕ ಮನಸ್ಸಿನಲ್ಲೇ ಅಂಗಲಾಚಿದಳು. ಹೊರಗೆ ಹೇಳಲು ಅವಳಿಗೆ ಯಾವ ಹಕ್ಕೂ ಇರಲಿಲ್ಲ. ಆ ಪದ ಅವಳಿಗೆ ಒಂದು ತಲೆಬರಹ, ಅವನಿಗೆ ಹಣೆಯ ಮೇಲಿನ ಗಾಯದ ಗುರುತು. ಅವನ ತುಟಿ ತೆರೆಯಿತು, ಸ್ವರ ಬರಲಿಲ್ಲ. ಗುಮಾಸ್ತ ಮೂರನೆಯದಕ್ಕೆ ಉಸಿರೆಳೆದುಕೊಳ್ಳುತ್ತಿದ್ದ.

ಆಗ ಮುದುಕಿ ಬೆಂಚಿನಿಂದ ಎದ್ದಳು. ಎದುರಿನ ಗಾಳಿಯಲ್ಲಿ ಕೈಯಾಡಿಸಿ ಮಗನ ತೋಳು ಹುಡುಕಿ ಹಿಡಿದಳು.

"ನಿಮ್ಮಪ್ಪ ಓಗೊಡಬೇಡ ಅಂದದ್ದು ಅವರು ಹೊಡೆಯೋಕೆ ಕರೀತಿದ್ರು ಅಂತ ಕಣೋ," ಎಂದಳು. "ಇವತ್ತು ಮನೇಗೆ ಕರೀತಿದ್ದಾರೆ. ಓ ಅನ್ನು."

"ಬಾವಿ ಓಣಿಯ ಸರಾಸೆನರು."

ಬೈಂಡರ್ ಅಣ್ಣ ಬಾಗಿಲಿನ ಕಡೆಗೆ, ಪಡಸಾಲೆಯ ಆ ಅಷ್ಟೂ ಮುಖಗಳ ಕಡೆಗೆ, ತಿರುಗಿದ.

"ಹಾಜರಿದ್ದೀವಿ," ಎಂದ. ಸ್ವರ ಒಡೆದಿತ್ತು, ಆದರೆ ಎಲ್ಲರಿಗೂ ಕೇಳಿಸಿತು. ಹೊರಗೆ ಮತ್ತೆ ಯಾರೂ ಕಿಸಕ್ಕೆನ್ನಲಿಲ್ಲ.

ಅಧ್ಯಕ್ಷೆ ಪೆನ್ನು ಎತ್ತಿಕೊಂಡಳು. ಬಾವಿ ಓಣಿಯ ಹತ್ತೊಂಬತ್ತು ಮನೆಗಳನ್ನು ಕೆಡವುವ ಪಟ್ಟಿಯಿಂದ ಬಿಡಲಾಗಿದೆ ಎಂದು ಬರೆಯಲು ಅವಳಿಗೆ ಎರಡು ಸಾಲು ಸಾಕಾಯಿತು. ಕಾರ್ಡಕ್ಕನ ವಿಷಯ ಬರೆಯಲು ಅರ್ಧ ಪುಟ ಹಿಡಿಯಿತು. ಮಾಡಿದ್ದುಣ್ಣೋ ಮಹಾರಾಯ. ಕಾರ್ಡಕ್ಕ ಅದನ್ನು ಓದಿ, ಒಂದು ಕಡೆ ತಾರೀಕು ತಪ್ಪಾಗಿದೆ ಎಂದು ತಿದ್ದಿಸಿ, ಸಹಿ ಹಾಕಿದಳು. ನಿವೃತ್ತಿಗೆ ಉಳಿದಿದ್ದ ಹದಿನಾಲ್ಕು ತಿಂಗಳು ಎನ್ನುವುದು ಬಾಯಲ್ಲಿ ಹೇಳಲು ಚಿಕ್ಕದು, ಮನೆಗೆ ಹೋಗಿ ಗಂಡನಿಗೆ ಹೇಳುವಾಗ ದೊಡ್ಡದು. ಆದರೂ ಮುದುಕಿ ತಡಕಾಡಿ ಬಂದು ಎರಡೂ ಅಂಗೈಯಲ್ಲಿ ಅವಳ ಮುಖ ಹಿಡಿದು, ಗೋಡೆ ಸವರಿದ ಹಾಗೆ ಒಮ್ಮೆ ಸವರಿದಾಗ, ಅವಳಿಗೆ ಅಳು ತಡೆಯಲಾಗಲಿಲ್ಲ.

ಗುಮಾಸ್ತ ಬೆನ್ನು ಸೀಳಿದ ಪುಸ್ತಕವನ್ನು ಮಗುವಿನಂತೆ ಎತ್ತಿಕೊಂಡು ಬಂದ. "ಕುಯ್ದಿರಿ, ಸರಿ. ಈಗ ಇದನ್ನ ಕಟ್ಟೋರ್ಯಾರು?"

"ಕೊಡಿ, ನಾಡಿದ್ದು ತಂದುಕೊಡ್ತೀನಿ," ಎಂದ ಬೈಂಡರ್ ಅಣ್ಣ. ಮೂರು ಕಾರ್ಡು ಇದ್ದ ಜಾಗದಲ್ಲಿ ಈಗ ಎರಡೇ ಇದ್ದವು. ನಡುವಿನ ಖಾಲಿ ಜಾಗದ ಮೇಲೆ ಬೆರಳಾಡಿಸಿ, ಅವನು ಕಾರ್ಡಕ್ಕನ ಕಡೆ ಕೈ ಚಾಚಿದ. "ಅಕ್ಕ, ನಿಮ್ಮ ಆ ಬಿಳೀ ಕಾರ್ಡು ಕೊಡಿ. ಅಳತೆ ಸರಿಯಾಗುತ್ತೆ."

ಅವಳು ಕಣ್ಣೊರೆಸಿಕೊಂಡು, ಮೇಜಿನ ಮೇಲೆ ಬಿದ್ದಿದ್ದ ಅದನ್ನು ಎತ್ತಿ ಅವನ ಕೈಗಿಟ್ಟಳು.